ಬಡವರ ಮನೆಯ ಬೆಣ್ಣೆ

ಒಂದು ಬಡ ಕುಟುಂಬದ ರೊಟ್ಟಿಯ ಮೇಲೆ ಬೆಣ್ಣೆ ಇದೆಯೋ ಇಲ್ಲವೋ ಎಂಬುದು ಸಂಪಾದಕೀಯ ಬರೆಯುವಷ್ಟು ದೊಡ್ಡ ವಿಷಯವೇ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಬೆಲೆ ಏರಿಕೆಯಿದೆ, ನಿರುದ್ಯೋಗವಿದೆ, ಬೆಳೆಗೆ ಬೆಲೆಯಿಲ್ಲ. ಇವನ್ನೆಲ್ಲ ಬಿಟ್ಟು ಈ ವಾರ ಆಡು, ಮಜ್ಜಿಗೆ, ಕಡೆಗೋಲುಗಳ ಮಾತೇಕೆ? ನಮ್ಮ ಉತ್ತರ ಸರಳವಾಗಿದೆ. ಎಲ್ಲ ರಾಜಕೀಯವೂ ಕೊನೆಗೆ ಬಂದು ನಿಲ್ಲುವುದು ಊಟದ ಗಂಗಾಳದಲ್ಲಿ. ಗಂಗಾಳದಲ್ಲಿ ಏನಿದೆ ಎಂದು ನೋಡದ ರಾಜಕೀಯವನ್ನು ನಾವು ರಾಜಕೀಯವೆಂದು ಕರೆಯಲಾರೆವು.

ಕಳೆದ ತಿಂಗಳು ಸದಸ್ಯತ್ವದ ಪುಸ್ತಕ ಹಿಡಿದು ನಾವು ಹಳ್ಳಿಗಳನ್ನು ಸುತ್ತುತ್ತಿದ್ದಾಗ ಒಂದು ಕೂಲಿಕಾರರ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ. ಮನೆಯವರು ಹುಡುಗನನ್ನು ಅಂಗಡಿಗೆ ಓಡಿಸಿ, ನಮಗೋಸ್ಕರ ಒಂದು ಚಿಕ್ಕ ಮೊಸರಿನ ಪ್ಯಾಕೀಟು ತರಿಸಿದರು. ಹಿತ್ತಿಲಲ್ಲಿ ಮೂರು ಆಡುಗಳು ಕಟ್ಟಿದ್ದವು. ಎರಡು ಹೊಸದಾಗಿ ಈದಿದ್ದವು. ಆಡಿನ ಹಾಲನ್ನು ಏನು ಮಾಡುತ್ತೀರಿ ಎಂದು ಕೇಳಿದೆವು. ಸೊಸೆ ಹೇಳಿದಳು: "ಮರಿ ಕುಡೀತಾವ್ರಿ ಸರ. ಉಳಿದದ್ದು ಚಾಕ್ಕ ಹಾಕ್ತೀವಿ. ಆಡಿನ ಹಾಲಾಗ ಬೆಣ್ಣಿ ಎಲ್ಲಿ ಬರ್ತೈತ್ರಿ?" ಒಳಗಿನಿಂದ ಅವಳ ಅತ್ತೆ ದನಿ ಎತ್ತಿದಳು: "ಯಾಕ ಬರೂದಿಲ್ಲವಾ? ನಮ್ಮತ್ತಿ ತಗೀತಿದ್ಲು. ಬೆಳ್ಳಗ ಮಲ್ಲಿಗಿ ಹೂವಿನಂಗ ಇರ್ತಿತ್ತು. ಮಂತು ಅಟ್ಟದ ಮ್ಯಾಲ ಐತಿ ನೋಡು, ಅದಕ್ಕ ಕೈ ಹಚ್ಚಿದವರ ಇಲ್ಲ."

ಅಟ್ಟದ ಮೇಲೆ ದೂಳು ತಿನ್ನುತ್ತಿರುವ ಆ ಮಂತು ಇಂದಿಗೂ ನಮ್ಮ ಕಣ್ಣ ಮುಂದಿದೆ. ಹಿತ್ತಿಲಲ್ಲಿ ಹಾಲಿದೆ, ಅಟ್ಟದಲ್ಲಿ ಕಡೆಗೋಲಿದೆ, ಮುದುಕಿಯ ತಲೆಯಲ್ಲಿ ವಿದ್ಯೆಯಿದೆ. ಆದರೂ ಮೊಸರು ಅಂಗಡಿಯಿಂದ ಬರುತ್ತದೆ. ಆ ಪ್ಯಾಕೀಟಿನ ಮೊಸರು ಮಜ್ಜಿಗೆಗಳ ಮೇಲೆ 2022ರ ಜುಲೈ 18ರಿಂದ ಶೇಕಡ 5ರ ತೆರಿಗೆಯನ್ನೂ ಹೇರಲಾಯಿತು. ಮಜ್ಜಿಗೆಯನ್ನು ಮಾರಬಾರದು, ಕೇಳಿದವರಿಗೆ ಕೊಡಬೇಕು ಎಂದು ನಂಬಿದ್ದ ಹಳ್ಳಿಗಳಲ್ಲಿ ಮಜ್ಜಿಗೆಗೂ ತೆರಿಗೆ! ಇದನ್ನು ಕಂಡ ಮೇಲೆ ಆಡಿನ ಬೆಣ್ಣೆಯ ವಿಷಯ ಚಿಕ್ಕದೆಂದು ನಮಗೆ ತೋರಲಿಲ್ಲ.

ಮೊದಲು ಆಡಿನ ಹಾಲಿನಲ್ಲಿ ಬೆಣ್ಣೆ ಬರುವುದಿಲ್ಲವೆಂಬ ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಆಡಿನ ಹಾಲಿನಲ್ಲಿ ಸಾಮಾನ್ಯವಾಗಿ ಶೇಕಡ 4ರಷ್ಟು ಕೊಬ್ಬಿದೆ. ನಮ್ಮ ನಾಡ ತಳಿಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚಿರುವುದೂ ಉಂಟು. ಸೀಮೆಹಸುವಿನ ಹಾಲಿಗಿಂತ ಇದು ಕಡಿಮೆಯೇನಲ್ಲ. ಹಾಗಾದರೆ ಕೆನೆ ಏಕೆ ಕಟ್ಟುವುದಿಲ್ಲ? ಆಡಿನ ಹಾಲಿನ ಕೊಬ್ಬಿನ ಕಣಗಳು ಬಹಳ ಸಣ್ಣವು. ಹಸುವಿನ ಹಾಲಿನಲ್ಲಿ ಕೊಬ್ಬಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮೇಲಕ್ಕೆ ತೇಲಿಸುವ ಒಂದು ಅಂಶವಿದೆ. ಆಡಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕೊಬ್ಬು ಹಾಲಿನ ತುಂಬ ಹರಡಿಕೊಂಡೇ ಇರುತ್ತದೆ. ಕಾಸಿದ ಹಾಲಿನ ಮೇಲೆ ದಪ್ಪ ಕೆನೆ ಬರಲೆಂದು ಕಾದು ಕುಳಿತವರಿಗೆ ನಿರಾಶೆಯಾಗುತ್ತದೆ. ಬೆಣ್ಣೆಯೇ ಇಲ್ಲವೆಂದು ಅವರು ತೀರ್ಮಾನಿಸುತ್ತಾರೆ.

ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕಾಗಿ ಕೆನೆ ಬೇರ್ಪಡಿಸುವ ಯಂತ್ರವನ್ನು ಕೊಳ್ಳುತ್ತಾರೆ. ನಮ್ಮ ಹಿರಿಯರಿಗೆ ಅದು ಬೇಕಾಗಿರಲಿಲ್ಲ, ಏಕೆಂದರೆ ಅವರು ಕೆನೆಯನ್ನು ಕಡೆಯುತ್ತಿರಲಿಲ್ಲ, ಮೊಸರನ್ನು ಕಡೆಯುತ್ತಿದ್ದರು. ಇದೇ ಉಪಾಯ. ಹಾಲನ್ನು ಚೆನ್ನಾಗಿ ಕಾಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಬೇಕು. ಇಡೀ ಹಾಲನ್ನೇ ಮೊಸರು ಮಾಡಬೇಕು. ಮರುದಿನ ನಸುಕಿನಲ್ಲಿ, ಬಿಸಿಲು ಏರುವ ಮುನ್ನ, ಮೊಸರಿಗೆ ಮಡಕೆಯ ತಣ್ಣೀರು ಸೇರಿಸಿ ಕಡೆಯಬೇಕು. ಆಡಿನ ಬೆಣ್ಣೆ ಹಸುವಿನ ಬೆಣ್ಣೆಗಿಂತ ಮೆತ್ತಗೆ. ಸೆಕೆಯಲ್ಲಿ ಕಡೆದರೆ ಕಾಳುಗಟ್ಟದೆ ಎಣ್ಣೆಯಂತೆ ಜಾರಿಹೋಗುತ್ತದೆ. ಸಾಸಿವೆಯಷ್ಟು ಸಣ್ಣ ಕಾಳುಗಳು ತೇಲತೊಡಗಿದಾಗ ಮತ್ತೊಂದು ಚೊಂಬು ತಣ್ಣೀರು ಸುರಿದು ನಿಧಾನವಾಗಿ ಆಡಿಸಿದರೆ ಕಾಳುಗಳು ಕೂಡಿಕೊಳ್ಳುತ್ತವೆ. ಕೈಯಿಂದ ಎತ್ತಿ, ಎರಡು ಮೂರು ನೀರಿನಲ್ಲಿ ತೊಳೆದು ಮಜ್ಜಿಗೆಯ ಅಂಶವನ್ನೆಲ್ಲ ಹಿಂಡಿ ತೆಗೆಯಬೇಕು. ಉಳಿದರೆ ಬೇಗ ಹುಳಿಯಾಗುತ್ತದೆ. ಬೆಣ್ಣೆ ಅಚ್ಚ ಬಿಳಿ. ಮೇವಿನಲ್ಲಿರುವ ಹಳದಿ ಬಣ್ಣದ ಅಂಶವನ್ನು ಆಡಿನ ದೇಹ 'ಎ' ಜೀವಸತ್ವವಾಗಿ ಮಾರ್ಪಡಿಸಿಬಿಡುವುದೇ ಇದಕ್ಕೆ ಕಾರಣ. ಬಣ್ಣವಿಲ್ಲವೆಂದು ಸತ್ವವಿಲ್ಲವೆಂದು ತಿಳಿಯಬಾರದು.

ವಾಸನೆಯ ದೂರೂ ಉಂಟು. ಆಡಿನ ಕೊಬ್ಬಿಗೆ ತನ್ನದೇ ಆದ ಒಂದು ಘಾಟಿರುವುದು ನಿಜ. ಆದರೆ ಜನ ದೂರುವ ವಾಸನೆಯಲ್ಲಿ ಮುಕ್ಕಾಲು ಪಾಲು ಹೋತದ್ದು ಮತ್ತು ಕೊಳೆಯದ್ದು. ಹೋತವನ್ನು ಹಾಲಿನ ಆಡುಗಳ ಪಕ್ಕದಲ್ಲಿ ಕಟ್ಟಬಾರದು. ಕೆಚ್ಚಲನ್ನು ತೊಳೆದು, ಮೊದಲ ಎರಡು ಹಿಂಡನ್ನು ಬೇರೆ ಚೆಲ್ಲಿ, ಶುಭ್ರವಾದ ಪಾತ್ರೆಯಲ್ಲಿ ಕರೆದು, ಬಟ್ಟೆಯಲ್ಲಿ ಸೋಸಿ, ತಡಮಾಡದೆ ಕಾಸಿದರೆ ಹೇಳಿಕೊಳ್ಳುವಷ್ಟು ವಾಸನೆ ಉಳಿಯುವುದಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಹಳೆಯ ಅಭ್ಯಾಸದಿಂದ ಇಲ್ಲಿಯೂ ಒಂದು ಲೆಕ್ಕವನ್ನು ಮಾಡಿ ತೋರಿಸುತ್ತೇವೆ. ನಮ್ಮ ಕಡೆ ಕಾಣುವ ಉಸ್ಮಾನಾಬಾದಿಯಂಥ ಆಡು ಮೇವಿಗೆ ತಕ್ಕಂತೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಹಾಲು ಕೊಡುತ್ತದೆ. ಎರಡು ಆಡುಗಳ ಹಾಲಿನಲ್ಲಿ ಮರಿಗಳ ಪಾಲನ್ನೂ ಮಕ್ಕಳ ಪಾಲನ್ನೂ ಕಳೆದು ದಿನಕ್ಕೆ ಒಂದು ಲೀಟರ್ ಮೊಸರಿಗೆ ಉಳಿಯಿತೆನ್ನಿ. ವಾರಕ್ಕೆ 7 ಲೀಟರ್. ಶೇಕಡ 4ರ ಲೆಕ್ಕದಲ್ಲಿ ಅದರಲ್ಲಿರುವ ಕೊಬ್ಬು ಸುಮಾರು 280 ಗ್ರಾಂ. ಮಜ್ಜಿಗೆಯಲ್ಲಿ ಸ್ವಲ್ಪ ಉಳಿಯುತ್ತದೆ. ಬೆಣ್ಣೆಯಲ್ಲಿ ಸ್ವಲ್ಪ ನೀರು ಸೇರುತ್ತದೆ. ಕೊನೆಗೆ ಕೈಗೆ ಬರುವುದು 250ರಿಂದ 300 ಗ್ರಾಂ ಬೆಣ್ಣೆ. ಅಂದರೆ ಒಂದು ಕಿಲೋ ಬೆಣ್ಣೆಗೆ 23 ರಿಂದ 28 ಲೀಟರ್ ಹಾಲು. ಐದು ತಿಂಗಳ ಕರಾವಿನಲ್ಲಿ ಆ ಮನೆಗೆ 5 ರಿಂದ 6 ಕಿಲೋ ಬೆಣ್ಣೆ ಸಿಗುತ್ತದೆ. ಇದರಿಂದ ಯಾರೂ ಸಾಹುಕಾರರಾಗುವುದಿಲ್ಲ. ಆದರೆ ದಿನಾ ಬೆಳಿಗ್ಗೆ ನಾಲ್ಕು ಮಂದಿಯ ರೊಟ್ಟಿಗೆ ಅಡಿಕೆಯಷ್ಟಾದರೂ ಬೆಣ್ಣೆ ಬೀಳುತ್ತದೆ, ಮತ್ತು ತಂಬಿಗೆಗಟ್ಟಲೆ ಮಜ್ಜಿಗೆ ಉಳಿಯುತ್ತದೆ. ಹಾಲಿನ ಸಸಾರಜನಕವೆಲ್ಲ ಇರುವುದು ಆ ಮಜ್ಜಿಗೆಯಲ್ಲಿಯೇ. ಬೆಣ್ಣೆ ನಾಲಿಗೆಯ ಸಂತೋಷವಾದರೆ ಮಜ್ಜಿಗೆ ಮೈಯ ಬಲ.

ಮರಿಗಳ ಹೊಟ್ಟೆಯ ಮೇಲೆ ಹೊಡೆದು ಬೆಣ್ಣೆ ತೆಗೆಯಿರಿ ಎಂದು ನಾವು ಹೇಳುತ್ತಿಲ್ಲ. ಮರಿಯೇ ಬಡವನ ನಗದು ಎಂಬುದನ್ನು ನಾವು ಬಲ್ಲೆವು; ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಸಂತೆಗೆ ಹೋಗುವುದು ಮರಿಯೇ. ಈದ ಮೊದಲ ನಾಲ್ಕೈದು ದಿನದ ಗಿಣ್ಣುಹಾಲು ಪೂರ್ತಿ ಮರಿಗೆ ಸೇರಿದ್ದು. ಒಂದು ತಿಂಗಳು ಕಳೆದು ಮರಿ ಸೊಪ್ಪು ಕಡಿಯತೊಡಗಿದ ಮೇಲೆ ರಾತ್ರಿ ಅದನ್ನು ತಾಯಿಯಿಂದ ಬೇರೆ ಬುಟ್ಟಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಕರೆದುಕೊಂಡು, ಹಗಲೆಲ್ಲ ತಾಯಿಯೊಡನೆ ಬಿಟ್ಟರೆ ಮನೆಗೂ ಹಾಲು, ಮರಿಗೂ ಹಾಲು. ಆಡು ಐದು ತಿಂಗಳಿಗೆ ಈಯುತ್ತದೆ. ಅವಳಿ ಮರಿಗಳೂ ಅಪರೂಪವಲ್ಲ. ಎರಡು ಆಡುಗಳು ಬೇರೆ ಬೇರೆ ಕಾಲಕ್ಕೆ ಈಯುವಂತೆ ನೋಡಿಕೊಂಡರೆ ವರ್ಷದ ಬಹುಪಾಲು ಮನೆಯಲ್ಲಿ ಮೊಸರಿನ ಗಡಿಗೆ ಬರಿದಾಗುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳದೆ ಬಿಟ್ಟರೆ ನಾವು ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಆಡಿನ ಹಾಲನ್ನು ಹಸಿಯಾಗಿ ಕುಡಿಯುವುದು ಆರೋಗ್ಯಕರವೆಂಬ ಮಾತು ಹಳ್ಳಿಗಳಲ್ಲಿದೆ, ಅದು ಸುಳ್ಳು. ಕಂದು ಹಾಕುವ ಆಡಿನಿಂದ ಬ್ರುಸೆಲ್ಲೋಸಿಸ್ ಎಂಬ ಜ್ವರ ಮನುಷ್ಯರಿಗೆ ಹರಡುತ್ತದೆ. ತಿಂಗಳುಗಟ್ಟಲೆ ಕೀಲುನೋವಿನಿಂದ ನರಳಿಸುತ್ತದೆ. ಹಾಲನ್ನು ಕಾಸಿಯೇ ಬಳಸಬೇಕು. ಎರಡನೆಯದು, ಒಂದು ವರ್ಷ ತುಂಬದ ಕೂಸಿಗೆ ತಾಯಿಯ ಹಾಲಿಗೆ ಬದಲು ಆಡಿನ ಹಾಲನ್ನು ಕೊಡಬಾರದು. ಅದರಲ್ಲಿ ಫೋಲೇಟ್ ಎಂಬ ಜೀವಸತ್ವ ಬಹಳ ಕಡಿಮೆ. ಅದನ್ನೇ ನೆಚ್ಚಿದ ಕೂಸಿಗೆ ರಕ್ತಹೀನತೆ ಬರುತ್ತದೆ.

ಗಾಂಧೀಜಿಯವರ ಆಡಿನ ಕಥೆ ಎಲ್ಲರಿಗೂ ಗೊತ್ತು. 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅವರು ಹಾಲು ಬಿಟ್ಟಿದ್ದರು. 1918ರಲ್ಲಿ ಖೇಡಾ ಜಿಲ್ಲೆಯ ಕೆಲಸದ ನಂತರ ಪ್ರಾಣಾಪಾಯದ ಕಾಯಿಲೆ ಬಿದ್ದಾಗ, ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ತಾನೆ, ಆಡಿನ ಹಾಲಿಗೆ ಅಡ್ಡಿಯೇನು ಎಂದು ಕಸ್ತೂರಬಾ ಕೇಳಿದರು. ಅವರು ಒಪ್ಪಿದರು. ಆದರೆ ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂದು ಮುಂದೆ ತಾವೇ ಬರೆದುಕೊಂಡರು. ನಮಗೆ ಇಲ್ಲಿ ಮುಖ್ಯವಾದುದು ಬೇರೆ. ಆ ಮಹಾಪುರುಷನಿಗಾಗಿ ಆಡು ಕಟ್ಟಿದ ದೇಶದಲ್ಲಿ, ಆಡು ಕಟ್ಟುವ ಬಡವನನ್ನು ಮಾತ್ರ ಯಾರೂ ಮನುಷ್ಯನೆಂದು ಎಣಿಸಲಿಲ್ಲ. ಶಾಲೆಯಲ್ಲಿ ಲೆಕ್ಕ ಬಾರದ ಹುಡುಗನಿಗೆ "ಹೋಗು, ಆಡು ಕಾಯಿ" ಎಂದು ಬೈಯುವುದು ನಮ್ಮ ಮಾಸ್ತರುಗಳ ರೂಢಿ. ಬೋರ್ಡಿನ ಮುಂದೆ ನಿಂತಿದ್ದ ವರ್ಷಗಳಲ್ಲಿ ನಾವೂ ಹಾಗೆ ಬೈದಿದ್ದೇವೆ. ಇಪ್ಪತ್ತು ಆಡುಗಳನ್ನು ಎಣಿಸದೆಯೇ ಒಂದು ಕಡಿಮೆಯೆಂದು ಹೇಳಬಲ್ಲ ಹುಡುಗನಿಗೆ ಲೆಕ್ಕ ಬರುವುದಿಲ್ಲವೆಂದು ತೀರ್ಮಾನಿಸಿದ್ದೆವು. ಆ ಮಾತಿಗಾಗಿ ಇಂದು ನಾಚುತ್ತೇವೆ.

ಈಗ ಸರಕಾರದ ನೀತಿಯ ಕಡೆಗೆ ನೋಡೋಣ. 1970ರಲ್ಲಿ ಆರಂಭವಾದ ಕ್ಷೀರಧಾರೆಯ ಯೋಜನೆಯೂ, 1974ರ ಸುಮಾರಿಗೆ ನಮ್ಮ ರಾಜ್ಯದಲ್ಲಿ ಕಟ್ಟಲಾದ ಹಾಲಿನ ಸಹಕಾರ ಸಂಘಗಳೂ ಹಳ್ಳಿಗಳಿಗೆ ನಗದು ಹಣವನ್ನು ತಂದವು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಸಹಕಾರವನ್ನು ಹೀಗಳೆಯುವುದು ಸಮಾಜವಾದಿಗಳ ಕೆಲಸವಲ್ಲ. ಎರಡು ಹಸು ಕಟ್ಟಿದ ರೈತನಿಗೆ ವಾರವಾರ ಬರುವ ಬಟವಾಡೆ ದೊಡ್ಡ ಆಸರೆ. ಆದರೆ ಹಸು ಕಟ್ಟಲು ಹುಲ್ಲು ಬೇಕು, ಹುಲ್ಲಿಗೆ ಹೊಲ ಬೇಕು, ಸೀಮೆಹಸು ಕೊಳ್ಳಲು ಸಾಲ ಬೇಕು. ಹೊಲವೂ ಇಲ್ಲದ, ಬ್ಯಾಂಕಿನ ಬಾಗಿಲೂ ತೆರೆಯದ ಕುಟುಂಬ ಕಟ್ಟುವುದು ಆಡನ್ನು. ಸಂಘದ ಕ್ಯಾನಿಗೆ ಆಡಿನ ಹಾಲು ಬೀಳುವುದಿಲ್ಲ. ಹೀಗಾಗಿ ಹಾಲಿನ ಕ್ರಾಂತಿ ಆ ಮನೆಯ ಹೊಸ್ತಿಲು ದಾಟಲೇ ಇಲ್ಲ. ಮತ್ತೊಂದು ವಿಪರೀತವನ್ನೂ ನೋಡಿ: ಹಸು ಕಟ್ಟಿದ ಮನೆಯಲ್ಲಿಯೂ ಹಾಲೆಲ್ಲ ಕ್ಯಾನಿಗೆ ಹೋಗಿ, ಮಕ್ಕಳಿಗೆ ಕರಿ ಚಹಾ ಉಳಿಯುವುದುಂಟು. 2013ರಲ್ಲಿ ರಾಜ್ಯ ಸರಕಾರ ಕ್ಷೀರಭಾಗ್ಯವೆಂದು ಶಾಲೆಯಲ್ಲಿ ಹಾಲು ಕೊಡಲು ಆರಂಭಿಸಿದ್ದು ಒಳ್ಳೆಯದೇ; ಆದರೆ ಹಾಲು ಕರೆಯುವ ಹಳ್ಳಿಯ ಮಗುವಿಗೆ ಹಾಲು ಪುಡಿಯ ಚೀಲದಿಂದ ಬರಬೇಕಾಯಿತು ಎಂಬುದನ್ನು ಯೋಚಿಸಬೇಡವೇ?

ಆಡು ಸಾಕುವವರಿಗೆ ಸಹಾಯವೇ ಇಲ್ಲವೆಂದಲ್ಲ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ನನ್ನು 2021ರಲ್ಲಿ ಪರಿಷ್ಕರಿಸಿದಾಗ, ಆಡು ಸಾಕಣೆಯ ಘಟಕಕ್ಕೆ ಬಂಡವಾಳದ ಅರ್ಧದಷ್ಟು ಸಹಾಯಧನವನ್ನು ಘೋಷಿಸಿದರು. ಕೇಳಲು ಇಂಪಾಗಿದೆ. ಆದರೆ ಘಟಕವೆಂದರೆ ಎಷ್ಟು? ಕನಿಷ್ಠ 100 ಹೆಣ್ಣು ಆಡು, 5 ಹೋತ. ಅಲ್ಲಿಂದ ಮೇಲಕ್ಕೆ 500 ಆಡು, 25 ಹೋತದವರೆಗೆ. ಸಹಾಯಧನ 10 ಲಕ್ಷದಿಂದ 50 ಲಕ್ಷ ರೂಪಾಯಿ. ನೂರು ಆಡು ಕಟ್ಟುವ ಜಾಗ, ಬೇಲಿ, ಮೇವಿನ ಹೊಲ, ಬ್ಯಾಂಕಿನ ಒಪ್ಪಿಗೆ ಯಾರ ಹತ್ತಿರವಿದೆ? ಪಟ್ಟಣದಲ್ಲಿ ಕುಳಿತು ಫಾರ್ಮ್ ತೆರೆಯುವವರ ಹತ್ತಿರ. ಎರಡು ಆಡಿನ ವಿಧವೆ ಸರಕಾರದ ಲೆಕ್ಕದಲ್ಲಿ 'ಉದ್ಯಮಿ'ಯಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಆಡುಗಳು 14.88 ಕೋಟಿ, ಅವುಗಳಲ್ಲಿ ಬಹುಪಾಲು ಇರುವುದು ಇಂಥ ಎರಡು, ಮೂರು, ಐದು ಆಡುಗಳ ಮನೆಗಳಲ್ಲಿ. ಇದ್ದವನಿಗೆ ಇನ್ನಷ್ಟು ಕೊಡುವುದೇ ಅಭಿವೃದ್ಧಿಯಾದರೆ ಇಲ್ಲದವನು ಎಲ್ಲಿ ಹೋಗಬೇಕು?

ಎಲ್ಲಕ್ಕಿಂತ ಮೂಲವಾದ ಪ್ರಶ್ನೆ ಮೇವಿನದು. ಆಡು ಮುಟ್ಟದ ಸೊಪ್ಪಿಲ್ಲವೆಂದು ಗಾದೆ ಹೇಳುತ್ತದೆ. ಆದರೆ ಸೊಪ್ಪು ಇರುವ ನೆಲವೆಲ್ಲಿದೆ? 1966ರ ಭೂಕಂದಾಯ ನಿಯಮಗಳ ಪ್ರಕಾರ ನಮ್ಮ ರಾಜ್ಯದ ಪ್ರತಿ ಗ್ರಾಮದಲ್ಲಿಯೂ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಮೀಸಲಿರಬೇಕು. ಓದುಗರು ತಮ್ಮ ತಮ್ಮ ಊರಿನ ಗೋಮಾಳ ಪಹಣಿಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟಿದೆ ಎಂದು ಒಮ್ಮೆ ನೋಡಲಿ. ಒಂದು ಕಡೆ ಲೇಔಟು, ಒಂದು ಕಡೆ ಕಲ್ಲು ಕ್ವಾರಿ, ಒಂದು ಕಡೆ ಪ್ರಭಾವಶಾಲಿಗಳ ತೋಟ. ಗ್ರಾಮದ ಸಾರ್ವಜನಿಕ ಭೂಮಿಯ ಒತ್ತುವರಿಯನ್ನು ತೆರವು ಮಾಡಿಸಿ ಊರಿಗೆ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ, ಪಂಜಾಬಿನ ಒಂದು ಕೆರೆಯ ಮೊಕದ್ದಮೆಯಲ್ಲಿ, ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. ಆಜ್ಞೆ ಕಾಗದದ ಮೇಲೆ ಹಸುರಾಗಿದೆ, ಗೋಮಾಳ ಬೋಳಾಗಿದೆ.

ಇಲ್ಲಿ ಒಂದು ನೋವಿನ ಮಾತನ್ನು ಮುಚ್ಚಿಡದೆ ಹೇಳಬೇಕು. ಗೋಮಾಳದಲ್ಲಿ ಎಲ್ಲ ಕಡೆಯೂ ಶ್ರೀಮಂತನೇ ಕುಳಿತಿಲ್ಲ. ಭೂಮಿಯಿಲ್ಲದ ದಲಿತ ಕುಟುಂಬ, ಕೂಲಿಯವನು ಎರಡು ಎಕರೆ ಹಸನು ಮಾಡಿ, ನಮೂನೆ 50, ನಮೂನೆ 53, ನಮೂನೆ 57 ಎಂದು ಬಗರ್‌ಹುಕುಂ ಅರ್ಜಿ ತುಂಬುತ್ತ ಬಂದಿದ್ದಾನೆ. ಆಡಿನವನಿಗೂ ಅವನಿಗೂ ಬದುವಿನ ಮೇಲೆ ಜಗಳ ಹತ್ತುತ್ತದೆ. ಆಡು ಬೆಳೆ ತಿಂದಿತೆಂದು ಇವನು, ದಾರಿ ಮುಚ್ಚಿದರೆಂದು ಅವನು. ನಾವು ಹೋದ ಊರಿನಲ್ಲಿಯೂ ಇಂಥದೊಂದು ಜಗಳ ಪೊಲೀಸ್ ಠಾಣೆಯವರೆಗೂ ಹೋಗಿ ಬಂದಿತ್ತು. ಎರಡೂ ಕಡೆಯವರು ನಮ್ಮ ಪಕ್ಷದ ಸದಸ್ಯರೇ. "ಸರ, ನೀವು ಯಾರ ಕಡೆ?" ಎಂದು ಇಬ್ಬರೂ ಕೇಳಿದರು. ನಮ್ಮ ಉತ್ತರವನ್ನು ಇಲ್ಲಿಯೂ ಬರೆಯುತ್ತೇವೆ: ಬಡವರಿಬ್ಬರ ನಡುವಿನ ಎರಡು ಎಕರೆಯ ಜಗಳದಲ್ಲಿ ಇನ್ನೂರು ಎಕರೆ ನುಂಗಿದವನು ಮರೆಯಾಗುತ್ತಾನೆ. ಮೊದಲು ಅವನ ಪಾಲನ್ನು ಅಳೆಯಿರಿ. ಉಳುವ ಬಡವನಿಗೆ ಹಕ್ಕುಪತ್ರ ಸಿಗಲಿ. ಉಳಿದ ಗೋಮಾಳಕ್ಕೆ ಕಲ್ಲು ನೆಟ್ಟು, ದನಕರು ಆಡು ಕುರಿಗಳ ದಾರಿಯನ್ನು ನಕ್ಷೆಯಲ್ಲಿ ಗುರುತಿಸಲಿ. ಎರಡೂ ಕೆಲಸ ಒಂದೇ ದಿನ ಒಂದೇ ಸರಪಳಿಯಿಂದ ಆಗಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಬಡವರನ್ನು ಬಡವರ ಮೇಲೆ ಎತ್ತಿಕಟ್ಟಿದಂತೆ.

ಸಾಮೂಹಿಕ ಭೂಮಿಗಾಗಿ ಜನ ಎದ್ದು ನಿಂತರೆ ಗೆಲ್ಲಬಹುದೆಂಬುದಕ್ಕೆ ನಮ್ಮ ಮಣ್ಣಿನಲ್ಲಿಯೇ ಸಾಕ್ಷಿಯಿದೆ. 1984ರಲ್ಲಿ ರಾಜ್ಯ ಸರಕಾರವೂ ಹರಿಹರದ ಕಾರ್ಖಾನೆಯ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ನೀಲಗಿರಿಯ ಎಲೆಯನ್ನು ಆಡೂ ಮೂಸುವುದಿಲ್ಲ. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಯ ಜನ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಮಾಡಿ, ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಬೇಕಾಯಿತು. ಅಂದು ಸಸಿ ಕಿತ್ತ ಕೈಗಳು ಹುಲ್ಲು, ಸೊಪ್ಪು, ಸೌದೆಗಾಗಿ ದಿನವೂ ಆ ನೆಲವನ್ನು ತುಳಿದವರ ಕೈಗಳು.

ಆಡೇ ಕಾಡನ್ನು ಹಾಳು ಮಾಡಿತೆಂಬ ಆರೋಪ ಬ್ರಿಟಿಷರ ಕಾಲದಿಂದಲೂ ಇದೆ. 1987ರಲ್ಲಿ ಸಿ. ಎಚ್. ಹನುಮಂತರಾವ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರ ನೇಮಿಸಿದ ಕಾರ್ಯಪಡೆ ಈ ಆರೋಪವನ್ನೇ ಪರಿಶೀಲಿಸಿ, ಪರಿಸರದ ನಾಶಕ್ಕೆ ಆಡು ಕುರಿಗಳನ್ನು ಹೊಣೆ ಮಾಡುವುದು ಸರಿಯಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು. ಎಳೆಯ ಸಸಿಯ ತೋಪಿನಲ್ಲಿ ಆಡು ಬಿಟ್ಟರೆ ಸಸಿ ಉಳಿಯುವುದಿಲ್ಲವೆಂಬುದು ನಿಜ. ಅದನ್ನು ಆಡಿನವನೂ ಬಲ್ಲ. ಆದರೆ ಲಾರಿಗಟ್ಟಲೆ ಮರ ಸಾಗಿಸಿದವರು, ಗಣಿ ಅಗೆದವರು ಗೌರವಸ್ಥರಾಗಿ ಓಡಾಡುತ್ತಿರುವಾಗ ಕಟಕಟೆಯಲ್ಲಿ ನಿಲ್ಲುವುದು ಆಡು ಮಾತ್ರ! 2006ರ ಅರಣ್ಯ ಹಕ್ಕು ಕಾಯ್ದೆ ಪರಂಪರೆಯ ಮೇಯಿಸುವ ಹಕ್ಕನ್ನು ಮಾನ್ಯ ಮಾಡಿದೆ. ಹಾಗಿದ್ದೂ 2025ರಲ್ಲಿ ಕಾಡಿನೊಳಗೆ ಜಾನುವಾರು ಮೇಯಿಸುವುದನ್ನು ತಡೆಯಬೇಕೆಂದು ನಮ್ಮ ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಹುಲಿಯೂ ಉಳಿಯಬೇಕು, ಒಪ್ಪುತ್ತೇವೆ. ಆದರೆ ಗೋಮಾಳವನ್ನು ಉಳಿಸದೆ ಕಾಡಿನ ಬಾಗಿಲನ್ನು ಮಾತ್ರ ಮುಚ್ಚಿದರೆ ಆಡು ಆಕಾಶದಲ್ಲಿ ಮೇಯಬೇಕೇ?

ನಮ್ಮವರಿಗೂ ಒಂದು ಮಾತು. ಆಡು ಕಟ್ಟಿ ಎಂದು ಉಪದೇಶ ಮಾಡುವವರು, ಆ ಆಡನ್ನು ಕಾಯುವವರು ಯಾರು ಎಂದು ಕೇಳಿಕೊಳ್ಳಬೇಕು. ಅನೇಕ ಮನೆಗಳಲ್ಲಿ ಅದು ಹತ್ತು ಹನ್ನೆರಡು ವರ್ಷದ ಹೆಣ್ಣುಮಗು. ಹಾಜರಿ ಪುಸ್ತಕದಲ್ಲಿ ಅಂಥ ಮಕ್ಕಳ ಹೆಸರಿನ ಮುಂದೆ ಸಾಲುಸಾಲಾಗಿ ಗೈರುಹಾಜರಿ ಬರೆದ ಕೈ ನಮ್ಮದು. ಮಗಳ ಪಾಟಿಯನ್ನು ಮಾರಿ ಬೆಣ್ಣೆ ತಿನ್ನುವ ಮನೆ ನಮಗೆ ಬೇಡ. ಇದಕ್ಕೆ ದಾರಿಯಿಲ್ಲದಿಲ್ಲ. ಹತ್ತು ಮನೆಯವರು ಕೂಡಿ ಒಬ್ಬ ದುಡಿಯುವ ಆಳನ್ನು ನೇಮಿಸಿಕೊಳ್ಳಬಹುದು, ಇಲ್ಲವೆ ದೊಡ್ಡವರೇ ಸರದಿಯ ಮೇಲೆ ಕಾಯಬಹುದು. ಎರಡೇ ಆಡಾದರೆ ಹಿತ್ತಿಲಲ್ಲಿಯೇ ಕಟ್ಟಿ ಮೇಯಿಸಬಹುದು. ಒಂದಕ್ಕೆ ದಿನಕ್ಕೆ ನಾಲ್ಕೈದು ಕಿಲೋ ಹಸಿರು ಸೊಪ್ಪು, ಜೊತೆಗೆ ಹುರುಳಿ ಹೊಟ್ಟು, ಶೇಂಗಾ ಹೊಟ್ಟು. ಕರೆಯುವ ಆಡಿಗೆ ಒಂದು ಹಿಡಿ ಹಿಂಡಿ ಅಥವಾ ನುಚ್ಚು. ಹಿತ್ತಿಲಿನ ಅಂಚಿಗೆ ಅಗಸೆ, ನುಗ್ಗೆ, ಸುಬಾಬುಲ್ ಗಿಡಗಳನ್ನು ಹಚ್ಚಿದರೆ ಅರ್ಧ ಮೇವು ಅಲ್ಲೇ ಸಿಗುತ್ತದೆ. ಸುಬಾಬುಲ್ ಸೊಪ್ಪು ಮಾತ್ರ ಒಟ್ಟು ಮೇವಿನಲ್ಲಿ ಮೂರನೆಯ ಒಂದು ಪಾಲನ್ನು ಮೀರಬಾರದು, ಹೆಚ್ಚಾದರೆ ಕೂದಲುದುರುತ್ತದೆ. ಆಡಿಗೆ ಹಸಿವಿಗಿಂತ ಹಸಿನೆಲ ದೊಡ್ಡ ಶತ್ರು. ಮಳೆಗಾಲದಲ್ಲಿ ಕಾಲ ಕೆಳಗೆ ಒಣ ಅಟ್ಟಣಿಗೆ ಇರಬೇಕು. ಪಿಪಿಆರ್ ಎಂಬ ಆಡು ಕುರಿಗಳ ಪ್ಲೇಗು ಬಂದರೆ ಹಿಂಡಿಗೆ ಹಿಂಡೇ ಹೋಗುತ್ತದೆ. ಒಮ್ಮೆ ಲಸಿಕೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ.

ಈ ಎಲ್ಲ ಕಾರಣಗಳಿಂದ ನಾವು ಜಿಲ್ಲಾ ಆಡಳಿತದ ಮುಂದೆ ಮತ್ತು ರಾಜ್ಯ ಸರಕಾರದ ಮುಂದೆ ಐದು ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಪ್ರತಿ ಗ್ರಾಮದ ಗೋಮಾಳವನ್ನು ಗ್ರಾಮಸಭೆಯ ಎದುರಿನಲ್ಲಿ ಅಳೆದು, ದೊಡ್ಡ ಒತ್ತುವರಿದಾರರ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಬೇಕು.

ಎರಡು: ಬಗರ್‌ಹುಕುಂ ಬಡ ಸಾಗುವಳಿದಾರರ ಅರ್ಜಿಗಳನ್ನು ಇತ್ಯರ್ಥ ಮಾಡುವಾಗಲೇ ಉಳಿದ ಮೇವಿನ ಭೂಮಿಗೆ ಗಡಿಕಲ್ಲು ನೆಡಬೇಕು.

ಮೂರು: ಆಡಿನ ಸಹಾಯಧನ ನೂರರಿಂದಲ್ಲ, ಎರಡರಿಂದ ಆರಂಭವಾಗಬೇಕು, ಭೂಮಿಯಿಲ್ಲದ ಮನೆಗಳಿಗೆ, ಅದರಲ್ಲಿಯೂ ಹೆಂಗಸರ ಹೆಸರಿಗೆ, ಮೊದಲ ಪಾಲು ಸಿಗಬೇಕು.

ನಾಲ್ಕು: ಪಶುವೈದ್ಯರು ಲಸಿಕೆಯ ಪೆಟ್ಟಿಗೆಯೊಡನೆ ಹಟ್ಟಿಗಳಿಗೆ ಬರಬೇಕು. ಹತ್ತು ಮೈಲಿ ದೂರದ ಆಸ್ಪತ್ರೆಗೆ ಆಡನ್ನು ಹೊತ್ತು ಹೋಗುವವನ ಒಂದು ದಿನದ ಕೂಲಿ ಹಾಳಾಗುತ್ತದೆ.

ಐದು: ಪ್ರತಿ ಐದು ಹಳ್ಳಿಗೆ ಹಾಲಿನ ಗುಣವುಳ್ಳ ತಳಿಯ ಒಂದು ಒಳ್ಳೆಯ ಹೋತವನ್ನು ಪಂಚಾಯಿತಿಯೇ ಸಾಕಬೇಕು. ಮಥುರೆಯ ಹತ್ತಿರದ ಮಖದೂಮಿನಲ್ಲಿ ಆಡಿನ ಸಂಶೋಧನೆಗೆಂದೇ 1979ರಲ್ಲಿ ಕೇಂದ್ರ ಸಂಸ್ಥೆಯೊಂದನ್ನು ಕಟ್ಟಲಾಗಿದೆ. ಅಲ್ಲಿನ ವಿದ್ಯೆ ನಮ್ಮ ಹಟ್ಟಿಗಳಿಗೆ ಬರಲಿ.

ಸರಕಾರ ಕೊಡುವವರೆಗೆ ಕೈಕಟ್ಟಿ ಕೂರಬೇಕೆಂದು ನಾವು ಹೇಳುವುದಿಲ್ಲ. ಗೋಮಾಳಕ್ಕಾಗಿ ಹೋರಾಟ ಬೇಕು; ಅಟ್ಟದ ಮೇಲಿನ ಮಂತನ್ನು ಕೆಳಗಿಳಿಸಲು ಯಾವ ಹೋರಾಟವೂ ಬೇಡ. ಆ ಮನೆಗೆ ನಾವು ಹದಿನೈದು ದಿನಗಳ ನಂತರ ಮತ್ತೆ ಹೋದೆವು. ಅತ್ತೆ ಮಂತಿನ ಹಗ್ಗ ಬದಲಿಸಿದ್ದಳು, ಸೊಸೆ ಕಡೆಯುತ್ತಿದ್ದಳು, ಶಾಲೆಗೆ ಹೊರಟಿದ್ದ ಮೊಮ್ಮಗಳ ಕೈಯಲ್ಲಿ ಬೆಣ್ಣೆ ಸವರಿದ ರೊಟ್ಟಿಯಿತ್ತು. "ಬರಾಕತ್ತೈತ್ರಿ ಸರ, ಸಣ್ಣಗ, ಸಾಸಿವಿಯಂಗ," ಎಂದಳು ಸೊಸೆ. ಆದರೆ ಆಡುಗಳು ಮೂರರಿಂದ ಎರಡಾಗಿದ್ದವು. ಮೇವು ಸಾಲದೆ ಒಂದನ್ನು ಸಂತೆಗೆ ಹೊಡೆದಿದ್ದರು.

ಇಡೀ ಪ್ರಶ್ನೆ ಆ ಮನೆಯಲ್ಲಿಯೇ ಇದೆ. ಬೆಣ್ಣೆ ತೆಗೆಯುವುದು ಅವರಿಗೆ ಗೊತ್ತು. ನೆಲ ಕೊಡಿಸುವುದು ನಮ್ಮೆಲ್ಲರ ಕೆಲಸ. ನಿಮ್ಮ ಊರಿನ ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ, ಈಗ ಅಲ್ಲಿ ಏನಿದೆ ಎಂಬ ವಿವರಗಳನ್ನು ಒಂದು ಕಾಗದದಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಿ. ಪಟ್ಟಿ ಸಿದ್ಧವಾದ ದಿನ ಅದನ್ನು ಹಿಡಿದು ನಾವೆಲ್ಲರೂ ಕೂಡಿ ತಹಸೀಲ್ದಾರರ ಕಚೇರಿಗೆ ಹೋಗೋಣ.